ಹಜಾರದ ಒಂಬತ್ತನೇ ಪದ್ಧತಿ

ನಮ್ಮ ಕಾಫಿ ಗೋಡೌನಿನಲ್ಲಿ ಈಗ ಒಬ್ಬ ದೊರೆ ಕೂರುತ್ತಾನೆ. ದೊರೆ ಅಂದರೆ ನಮ್ಮಪ್ಪ, ರೇವಣ್ಣ.

ಪ್ರತಿ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅವರು ಹಣೆಯ ವಿಭೂತಿ ಒರೆಸಿಕೊಂಡು, ಕೊರಳಿನ ಲಿಂಗದ ಕರಡಿಗೆಯನ್ನು ಬನಿಯನ್ ಒಳಗೆ ತಳ್ಳಿ, ಮೇಲೆ ಪ್ರಾಣಿಯ ತುಪ್ಪಳದ ಹಾಗೆ ಕಾಣುವ ನೈಲಾನ್ ಕಂಬಳಿ ಹೊದೆಯುತ್ತಾರೆ. ತಲೆಗೆ ಎರಡು ಕೊಂಬಿನ ತಗಡಿನ ಟೋಪಿ. ಮಾರ್ಚ್ ತಿಂಗಳ ಬಿಸಿಲಿಗೆ ಆ ಕಂಬಳಿಯೊಳಗಿಂದ ಬರುವ ವಾಸನೆಯನ್ನು ಹೇಳಲು ಹೋಗುವುದಿಲ್ಲ. ಹತ್ತಿರ ನಿಂತವನಿಗೆ ಗೊತ್ತು. ಹತ್ತಿರ ನಿಲ್ಲುವವನು ನಾನು.

ಇದೆಲ್ಲ ನಮ್ಮಣ್ಣ ವಿಶ್ವನಾಥನ ತಲೆಯಿಂದ ಬಂದದ್ದು. ಬಾಳೂರಿನಿಂದ ಕೊಟ್ಟಿಗೆಹಾರದವರೆಗೆ ಪ್ರತಿ ತಿರುವಿಗೊಂದು ಹೋಮ್‌ಸ್ಟೇ ಬೋರ್ಡು ಎದ್ದ ಮೇಲೆ ನಾವು ಬಾಡಿಗೆಗಿಟ್ಟಿದ್ದ ಎರಡು ರೂಮಿಗೆ ಯಾರೂ ಬರುತ್ತಿರಲಿಲ್ಲ. ಆಗ ಬೆಂಗಳೂರಿನಿಂದ ಜುಟ್ಟು ಕಟ್ಟಿದ ಒಬ್ಬ ಡಿಸೈನರನ್ನು ಕರೆಸಿದ. ಪಾರ್ಚ್‌ಮೆಂಟ್ ಕಾಫಿಬೀಜವೆಲ್ಲ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೋಗಿ ಗೋಡೌನು ಖಾಲಿಯಾಗಿತ್ತು. ಡಿಸೈನರ್ ಒಳಗೆ ಹೋಗಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿ, "ಇದೇ ನಮ್ಮ ಹಜಾರ" ಎಂದ.

ಅಣ್ಣ ಊಟದ ಹೊತ್ತಿಗೆ ವಿವರಿಸಿದ.

"ಇದು ನಾರ್ತ್ ಅಪ್ಪ. ಹಿಮದ ದೇಶ. ಅಲ್ಲಿನ ವೀರರೆಲ್ಲ ಒಂದು ದೊಡ್ಡ ಹಜಾರದಲ್ಲಿ ಇರ್ತಾರೆ. ಅಲ್ಲೇ ತಿನ್ನೋದು, ಅಲ್ಲೇ ಕುಡಿಯೋದು, ಅಲ್ಲೇ ಮಲಗೋದು."

"ನಾರ್ತ್ ಅಂದ್ರೆ ಕಾಶ್ಮೀರನಾ?"

"ಅದಕ್ಕೂ ಆಚೆ. ನಿಜವಾಗಿ ಇಲ್ಲ ಅದು. ಗೇಮಲ್ಲಿ ಬರತ್ತಲ್ಲ, ಹಂಗೆ."

"ಇಲ್ಲದ ದೇಶಕ್ಕೆ ನಾನು ದೊರೆ ಆಗ್ಬೇಕೇನೋ?"

"ನಿಮ್ಮ ಗಡ್ಡ ಸರಿಯಾಗಿ ಹೊಂದತ್ತೆ ಅಂದ ಡಿಸೈನರ್."

ಅಪ್ಪ ಗಡ್ಡ ನೀವಿಕೊಂಡರು. ಅಷ್ಟಕ್ಕೇ ಆ ವಿಷಯ ತೀರ್ಮಾನವಾಯಿತು. ಅಮ್ಮ ಮಾತ್ರ ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದರು.

"ಹಂದಿ ಸುಡ್ತಾರಂತೆ?"

"ಗೋಡೌನ್ ಹಿಂದೆ, ಅಮ್ಮ. ಕೊಟ್ಟಿಗೆಹಾರದಿಂದ ಅಡುಗೆಯವ್ರು ಬರ್ತಾರೆ. ಗಾಳಿ ಆ ಕಡೆಗೇ ಬೀಸೋದು."

"ಗಾಳಿಗೂ ನೀನೇ ಹೇಳಿ ಇಟ್ಟಿದೀಯಾ?"

ಗಾಳಿಗೆ ಯಾರೂ ಹೇಳಿರಲಿಲ್ಲ. ಮೊದಲ ಶನಿವಾರವೇ ಹೊಗೆ ನೇರವಾಗಿ ನಮ್ಮ ದೇವರ ಮನೆಯ ಕಿಟಕಿಗೆ ನುಗ್ಗಿತು. ಅಮ್ಮ ಕಿಟಕಿಗೆ ಹಳೇ ಸೀರೆ ತುರುಕಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಪೂಜೆ ಮುಗಿಸಿದರು.

ಹಜಾರದ ನಡುವೆ ಸಿಲ್ವರ್ ಓಕ್ ಹಲಗೆಯ ಉದ್ದ ಮೇಜು. ನೆಲದ ಮೇಲೆ ಹುಲ್ಲು. ನಡುವೆ ಬೆಂಕಿಗುಂಡಿ. ಗೋಡೆಗೆ ಡ್ರಮ್ಮಿನ ಮುಚ್ಚಳಕ್ಕೆ ಬಣ್ಣ ಬಳಿದು ಮಾಡಿದ ಗುರಾಣಿಗಳು. ಹಿಮದೇಶದಲ್ಲಿ ಸದಾ ಕತ್ತಲೆಯಂತೆ, ಅದಕ್ಕೆ ಹಾಡುಹಗಲಲ್ಲಿ ಕಿಟಕಿಗಳಿಗೆಲ್ಲ ಟಾರ್ಪಲ್ ಕಟ್ಟಿ ಪಂಜು ಹಚ್ಚುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಎರಡು ಸಲ ಬಿದ್ದು ಶಾಲೆ ಬಿಟ್ಟ ನನಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುವುದು, ಔಷಧಿ ಹೊಡೆಯುವುದು, ಜೀಪ್ ಓಡಿಸುವುದು ಗೊತ್ತು. ನನ್ನ ಕೈಗೆ ಭರ್ಜಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ನಾನು ಬಾಗಿಲಭಟ.

ಪದ್ಧತಿಗಳದ್ದೇ ಒಂದು ಪುಸ್ತಕವಿತ್ತು. ಡಿಸೈನರ್ ಬರೆದದ್ದು. ಮೊದಲನೇ ಪದ್ಧತಿ: ಬಾಗಿಲಲ್ಲಿಟ್ಟ ಬೂದಿಯನ್ನು ಮುಟ್ಟಿ ಹಣೆಗೆ ಹಚ್ಚಿದವನು ಅತಿಥಿ, ಶತ್ರುವಾದರೂ ಸರಿ, ದೊರೆ ಅವನನ್ನು ಹೊರಗೆ ಹಾಕುವಂತಿಲ್ಲ. ಎರಡನೇ ಪದ್ಧತಿ: ಮನೆಯೊಡತಿ ಅತಿಥಿಗೆ ಕೊಂಬಿನಲ್ಲಿ ಪಾನಕ ಕೊಡಬೇಕು, ಅತಿಥಿ ಅರ್ಧ ಕುಡಿದು ದೊರೆಗೆ ಕೊಡಬೇಕು, ಉಳಿದದ್ದನ್ನು ದೊರೆ ಕುಡಿಯಬೇಕು. ಕುಡಿದ ಮೇಲೆ ಎಲ್ಲರೂ ಮೇಜು ಗುದ್ದಿ "ಒಂದೇ ಕೊಂಬು, ಒಂದೇ ರಕ್ತ" ಎಂದು ಕೂಗಬೇಕು. ದೊರೆ ಏಳುವ ತನಕ ಯಾರೂ ಏಳಬಾರದು. ಮೂಳೆಯನ್ನು ತಟ್ಟೆಯಲ್ಲಿ ಇಡಬಾರದು, ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಕುಡಿದವನು ತನ್ನ ಶೌರ್ಯವನ್ನು ಎದ್ದು ನಿಂತು ಹೇಳಿಕೊಳ್ಳಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಬೋಳುತಲೆಯವನು ಎದ್ದು ತಾನು ಮೂರು ಡ್ರ್ಯಾಗನ್ ಕೊಂದೆ ಎಂದು ಹೇಳಿ, ಅನಂತರ ನಮ್ಮ ಕಾಫಿ ಒಣಗಿಸುವ ಕಣದಲ್ಲಿ ವಾಂತಿ ಮಾಡಿದ.

ಮನೆಯೊಡತಿಯ ಪಾತ್ರ ಅತ್ತಿಗೆ ಪವಿತ್ರಾಳದ್ದು. ಕೊಂಬಿನಲ್ಲಿ ಇರುತ್ತಿದ್ದದ್ದು ಪುನರ್ಪುಳಿ ಪಾನಕ, ಏಕೆಂದರೆ ಅಪ್ಪ ಮದ್ಯ ಮುಟ್ಟುವುದಿಲ್ಲ. ಕೊಂಬು ಫೈಬರ್‌ನದ್ದು ಎಂದು ಅಣ್ಣ ಅಪ್ಪನಿಗೆ ಹೇಳಿದ್ದ. ಫೈಬರ್‌ನದ್ದಲ್ಲ, ಕೋಣದ್ದು. ಅಪ್ಪನಿಗೂ ಗೊತ್ತಿತ್ತು ಎಂದು ನನ್ನ ಅನುಮಾನ. ಯಾರು ಯಾರೋ ಬಾಯಿಟ್ಟು ಕುಡಿದ ಆ ಕೊಂಬನ್ನು ಅಪ್ಪ ಎತ್ತಿ ಗಟಗಟ ಕುಡಿಯುತ್ತಿದ್ದರು. ಒಬ್ಬನ ಜಾತಿಯನ್ನೂ ಕೇಳಲಿಲ್ಲ. ಕಾರಿನಲ್ಲಿ ಬಂದವರಿಗೆ ಜಾತಿ ಇರುವುದಿಲ್ಲ.

ಮೂರನೇ ವಾರದ ಹೊತ್ತಿಗೆ ದೊರೆ ಮನೆಗೂ ಬಂದ.

ಸೋಮವಾರ ಬೆಳಿಗ್ಗೆ ಕಡುಬು, ಕಾಯಿಚಟ್ನಿ. ಅಪ್ಪ ತಿಂದು ಮುಗಿಸಿ ಕೈ ಒಣಗಿದರೂ ಏಳಲಿಲ್ಲ. ಅಣ್ಣ ಏಳಲು ಹೋದರೆ ಕಣ್ಣು ಬಿಟ್ಟರು.

"ರೀ, ಇವತ್ತು ಸೋಮವಾರ," ಎಂದರು ಅಮ್ಮ. "ಶನಿವಾರ ಅಲ್ಲ. ಏಳಿ, ತಟ್ಟೆ ತೆಗೀಬೇಕು."

"ಒಂದು ಮರ್ಯಾದೆ ಅಂತ ಇರ್ಬೇಕು ಮನೇಲಿ. ಆ ಹಿಮದೇಶದವ್ರನ್ನ ನೋಡಿ ಕಲೀಬೇಕು. ಹಿರಿಯ ಏಳೋ ತನಕ ಒಬ್ಬನೂ ಏಳಲ್ಲ."

"ಇಲ್ಲದ ದೇಶದವ್ರಿಗೆ ಬೇರೆ ಕೆಲ್ಸ ಇರ್ಲಿಕ್ಕಿಲ್ಲ."

ಅತ್ತಿಗೆ ಬಾಗಿಲಿಗೆ ಒರಗಿ ನಕ್ಕಳು. "ಅತ್ತೆ, ನಮಗೇನು ಹೊಸದು? ಇವ್ರೆಲ್ಲ ಎದ್ದ ಮೇಲೇ ಅಲ್ವಾ ನಾವು ತಿನ್ನೋದು? ಅಲ್ಲಾದ್ರೆ ನಂಗೆ ರಾಣಿ ಅಂತಾರೆ. ಕಿರೀಟ ಬೇರೆ ಕೊಟ್ಟಿದಾರೆ. ಮನೆಗಿಂತ ಆ ಹಜಾರವೇ ವಾಸಿ."

"ನೀನು ಸುಮ್ನಿರು," ಎಂದ ಅಣ್ಣ.

"ಸುಮ್ನೇ ಇದೀನಲ್ಲ, ಆರು ವರ್ಷದಿಂದ."

ಅಮ್ಮ ಯಾರ ಮಾತಿಗೂ ಕಾಯದೆ ಅಪ್ಪನ ಮುಂದಿನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಹತ್ತು ಗಂಟೆಯಾಗಿತ್ತು. ಹೂವಮ್ಮ ಕಾಫಿಗೆ ಬಂದು ನಿಂತಿದ್ದಳು.

ಹೂವಮ್ಮ ನಮ್ಮ ತೋಟದ ಆಳುಗಳ ಲೈನ್ ಮನೆಯವಳು. ನಲವತ್ತು ವರ್ಷ ನಮ್ಮಲ್ಲೇ ಹಣ್ಣು ಕುಯ್ದು, ಚಿಗುರು ತೆಗೆದು, ಕೊಟ್ಟಿಗೆ ಬಳಿದು ಬೆನ್ನು ಬಗ್ಗಿಸಿಕೊಂಡವಳು. ನನಗೆ ಐದು ವರ್ಷವಿದ್ದಾಗ ಅಮ್ಮನಿಗೆ ಟೈಫಾಯ್ಡ್ ಬಂದು ತಿಂಗಳುಗಟ್ಟಲೆ ಮಲಗಿದ್ದರು. ಆಗ ನನ್ನನ್ನು ಸೊಂಟದ ಮೇಲೆ ಹೊತ್ತು ತೋಟವೆಲ್ಲ ಸುತ್ತಿದವಳು ಅವಳೇ. ಅವಳ ಮನೆಯಲ್ಲಿ ರೊಟ್ಟಿಗೆ ಹೊಳೆಮೀನಿನ ಸಾರು ಅದ್ದಿಕೊಂಡು ತಿಂದು, ಬಾಯಿ ತೊಳೆಸಿಕೊಂಡು, ಯಾರಿಗೂ ಹೇಳಬೇಡ ಎಂದು ಹೇಳಿಸಿಕೊಂಡು ಮನೆಗೆ ಬರುತ್ತಿದ್ದೆ.

ನಮ್ಮ ಹಿತ್ತಲಿನ ಗೋಡೆಯ ಮೇಲೆ ಅವಳದ್ದೊಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ಅಂಚು ನೆಗ್ಗಿದ್ದು. ಅವಳೇ ತೆಗೆದುಕೊಂಡು ಕೆಳಗೆ ಕಲ್ಲಿನ ಮೇಲೆ ಇಡಬೇಕು. ಅಮ್ಮ ಒಂದು ಮೊಳ ಮೇಲಿನಿಂದ, ಪಾತ್ರೆಯ ಬಾಯಿ ಲೋಟಕ್ಕೆ ತಾಗದ ಹಾಗೆ ಕಾಫಿ ಹೊಯ್ಯುತ್ತಾರೆ. ಅವಳು ಕುಡಿದು, ನಲ್ಲಿಯಲ್ಲಿ ತೊಳೆದು, ಗೋಡೆಯ ಮೇಲೆ ಬೋರಲು ಹಾಕಿ ಹೋಗುತ್ತಾಳೆ. ಅಮ್ಮ ಕೆಟ್ಟವರಲ್ಲ, ಹೊಯ್ಯುತ್ತಾ ಅವಳ ಮಂಡಿನೋವು ವಿಚಾರಿಸುತ್ತಾರೆ. ಹಾಗೆ ವಿಚಾರಿಸುವಾಗಲೂ ಪಾತ್ರೆ ಒಂದು ಇಂಚು ಕೆಳಗಿಳಿಯುವುದಿಲ್ಲ. ಬಸವ ಜಯಂತಿಗೆ ಮೂಡಿಗೆರೆಯಲ್ಲಿ ಮೈಕ್ ಹಿಡಿದು ಜಾತಿ ಇಲ್ಲ, ಮೇಲು ಕೀಳು ಇಲ್ಲ ಎಂದು ಅರ್ಧ ಗಂಟೆ ಮಾತಾಡಿ ಶಾಲು ಹೊದೆಸಿಕೊಂಡು ಬಂದ ಅಪ್ಪ, ಅದೇ ಗೋಡೆಯ ಪಕ್ಕ ನಿಂತು ಹಲ್ಲು ಉಜ್ಜುತ್ತಾರೆ.

ಈಗ ನನ್ನ ತಪ್ಪನ್ನು ಹೇಳಬೇಕು.

ಪುಸ್ತಕ ಬರೆಯುವ ದಿನಗಳಲ್ಲಿ ಡಿಸೈನರ್ ನಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು, "ನಿಮ್ಮ ಕಡೆಯ ಹಳೇ ಪದ್ಧತಿ ಏನಾದ್ರೂ ಇದ್ರೆ ಹೇಳಿ ಬಾಸ್. ಎಲ್ಲಾ ಸಿಹಿ ಸಿಹಿ ಆಗಿದೆ. ಸ್ವಲ್ಪ ಖಾರ ಬೇಕು," ಎಂದ. ಆವತ್ತು ಹೂವಮ್ಮ ಮಂಡಿ ಹಿಡಿದುಕೊಂಡು ಬಗ್ಗಿ ಆ ಲೋಟ ಇಡುವುದನ್ನು ನೋಡಿ ನನಗೆ ಮೈಯೆಲ್ಲ ಉರಿದಿತ್ತು. ಬನ್ನಿ ಎಂದು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಲೋಟ ತೋರಿಸಿದೆ. ಯಾರದ್ದು, ಯಾಕೆ ಹೊರಗಿದೆ, ಹೇಗೆ ಹೊಯ್ಯುತ್ತಾರೆ, ಎಲ್ಲ ಹೇಳಿದೆ. "ಬರ್ಕೊಳಿ. ನಮ್ಮಲ್ಲೂ ದೊರೆ ಇದಾರೆ, ನಮ್ಮಲ್ಲೂ ದಾಸಿ ಇದಾಳೆ. ಯಾವ ಹಿಮದೇಶಕ್ಕೂ ಹೋಗೋದು ಬೇಡ," ಎಂದೆ. ಓದಿದವನು, ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದೆ. ಅಣ್ಣನ ಮುಂದೆ ಹೇಳಿ ಅವನನ್ನೂ ನಾಚಿಸುತ್ತಾನೆ ಎಂದುಕೊಂಡಿದ್ದೆ.

ಅವನು ಮೊಬೈಲ್ ತೆಗೆದು ಲೋಟದ ಫೋಟೋ ಹೊಡೆದುಕೊಂಡ. "ಸೂಪರ್ ಬಾಸ್," ಎಂದ.

ಒಂಬತ್ತನೇ ಪದ್ಧತಿ: ದಾಸಿಯ ಲೋಟ ಬಾಗಿಲ ತೊಲೆಯ ಮೊಳೆಗೆ ನೇತುಹಾಕಿರಬೇಕು. ಮನೆಯೊಡತಿ ಮೇಲಿನಿಂದ ಹೊಯ್ಯಬೇಕು. ದಾಸಿ ಕುಡಿದು ತೊಳೆದು ಬೋರಲು ಹಾಕಬೇಕು.

ಅಣ್ಣ ಆ ಹಾಳೆ ಹಿಡಿದು ಹೂವಮ್ಮನ ಹತ್ತಿರ ಹೋದ.

"ನೀನು ಹೊಸದಾಗಿ ಎಂತದೂ ಮಾಡ್ಬೇಕಿಲ್ಲ ಹೂವಮ್ಮ. ಇಲ್ಲಿ ಮಾಡೋದನ್ನೇ ಅಲ್ಲಿ ಮಾಡು. ಶನಿವಾರದ ಸಂಬಳ ಬೇರೆ."

"ಜನ ನೋಡ್ತಾರಾ?"

"ನೋಡ್ತಾರೆ. ಚಪ್ಪಾಳೆ ತಟ್ತಾರೆ."

"ಕಾಫಿ ಕುಡಿದ್ರೆ ಚಪ್ಪಾಳೆಯಾ ಸಾವ್ಕಾರ?" ಹೂವಮ್ಮ ಬಾಯಿ ಮುಚ್ಚಿಕೊಂಡು ನಕ್ಕಳು. "ಅವ್ರೂರಲ್ಲಿ ಯಾರೂ ಕಾಫಿ ಕುಡಿಯಲ್ವಾ?"

ಒಲ್ಲೆ ಎಂದು ಹೇಳುವುದು ಅವಳಿಗೆ ಗೊತ್ತಿರಲಿಲ್ಲ. ಅವಳು ಮಲಗುವ ಕೋಣೆ ನಮ್ಮದು, ಅದರ ನಲ್ಲಿ ನಮ್ಮದು, ಅದರ ಕರೆಂಟು ನಮ್ಮದು. ಶನಿವಾರ ಹಿತ್ತಲಿನ ಲೋಟವನ್ನೇ ತಂದು ತಂತಿ ಕಟ್ಟಿ ತೊಲೆಗೆ ನೇತುಹಾಕಿದರು, ಅವಳ ಕೊರಳಿಗೆ ದಾಸಿಯ ಗುರುತೆಂದು ತಗಡಿನ ಬಳೆ ಹಾಕಿದರು. ಅತ್ತಿಗೆ ಕಿರೀಟ ಇಟ್ಟುಕೊಂಡು ಹೊಯ್ದಳು. ಅರ್ಧ ಹೂವಮ್ಮನ ಕಾಲಿನ ಮೇಲೆ ಬಿತ್ತು. ಗೆಸ್ಟ್‌ಗಳು ಎದ್ದು ನಿಂತು ವಿಡಿಯೋ ಮಾಡಿಕೊಂಡರು. ಬೆನ್ನ ಹಿಂದೆ ಬಿದ್ದ ಮೂಳೆಗಳನ್ನು ಸಂಜೆ ಗುಡಿಸಿದವಳೂ ಅವಳೇ. ಹುಲ್ಲಿನಲ್ಲಿ ಸಿಕ್ಕಿಕೊಂಡ ಮಾಂಸದ ಚೂರುಗಳಿಗೆ ನೊಣ ಮುತ್ತಿ, ಭಾನುವಾರ ಬೆಳಿಗ್ಗೆ ಗೋಡೌನಿನ ಬಾಗಿಲು ತೆಗೆದರೆ ಗುಂಯ್ ಎನ್ನುತ್ತಿತ್ತು. ಕಾಫಿಯ ಪರಿಮಳ ಇರುತ್ತಿದ್ದ ಜಾಗ.

ನಾನು ಯಾರಿಗೂ ಏನೂ ಹೇಳಲಿಲ್ಲ. ಲೋಟ ತೋರಿಸಿದ್ದು ನಾನು ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗೆ ಅರಳಿದ ವಾರ, ಹೂವಮ್ಮನ ಮೊಮ್ಮಗಳು ರಂಜಿತಾ ಚಿಕ್ಕಮಗಳೂರಿನಿಂದ ಬಂದಿಳಿದಳು. ನರ್ಸಿಂಗ್ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿ ಇರುವುದು. ಅಲ್ಲಿ ಯಾರೋ ಮೊಬೈಲಿನಲ್ಲಿ ವಿಡಿಯೋ ತೋರಿಸಿ ನಕ್ಕಿದ್ದರಂತೆ. ನಗುತ್ತಿದ್ದವಳಿಗೆ ಅದು ಇವಳ ಅಜ್ಜಿ ಎಂದು ಗೊತ್ತಿರಲಿಲ್ಲ.

ಅವಳು ಬಂದದ್ದು ಗುರುವಾರ, ಸರಿಯಾಗಿ ಹತ್ತು ಗಂಟೆಗೆ, ನಮ್ಮ ಹಿತ್ತಲಿಗೆ. ಅಮ್ಮ ಪಾತ್ರೆ ಎತ್ತಿದ್ದರು. ರಂಜಿತಾ ಲೋಟದ ಮೇಲೆ ಅಂಗೈ ಮುಚ್ಚಿದಳು.

"ಬೇಡಿ ಅಮ್ಮ. ಕೈ ಸುಡ್ತದೆ, ಹೊಯ್ಬೇಡಿ."

"ಎಂತದೇ ಇದು? ತೆಗಿ ಕೈ."

"ಇನ್ನು ಅಜ್ಜಿ ಇದರಲ್ಲಿ ಕುಡಿಯಲ್ಲ. ಆ ಹಜಾರಕ್ಕೂ ಬರಲ್ಲ."

ಅಣ್ಣ ಒಳಗಿಂದ ಓಡಿ ಬಂದ. "ಅದು ನಾಟಕ ಮಾರಾಯ್ತಿ. ಜನ ತಮಾಷೆಗೆ ನೋಡ್ತಾರೆ. ನಾವೇನು ನಿಜವಾಗಿ ದಾಸಿ ಅಂತೀವಾ?"

"ಶನಿವಾರ ನಾಟಕ. ಸರಿ. ಇವತ್ತು ಗುರುವಾರ. ಇದೇನು?"

ಅಣ್ಣ ಲೋಟ ನೋಡಿದ.

"ಅವ್ಳಿಗೇ ಅಭ್ಯಾಸ ಕಣೆ," ಎಂದರು ಅಮ್ಮ. "ಒಳಗೆ ಕರೆದ್ರೂ ಅವಳೇ ಬರಲ್ಲ. ಕೇಳು ಬೇಕಾದ್ರೆ."

"ಯಾವತ್ತಾದ್ರೂ ಕರ್ದಿದ್ರಾ?"

ಅಮ್ಮನ ಕೈಯಲ್ಲಿ ಪಾತ್ರೆ ಹಾಗೇ ಇತ್ತು. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಹೂವಮ್ಮ, "ಸುಮ್ನಿರೇ, ಅಮ್ಮಾರ ಹತ್ರ ಹಂಗೆಲ್ಲ ಆಡ್ಬಾರ್ದು," ಎಂದು ಮೊಮ್ಮಗಳ ರಟ್ಟೆ ಎಳೆಯುತ್ತಿದ್ದಳು.

ಅಷ್ಟರಲ್ಲಿ ದೊರೆಯ ಸವಾರಿ ಬಂತು. ಆವತ್ತು ತಡವಾಗಿ ಎದ್ದು, ಟವೆಲ್ ಸುತ್ತಿಕೊಂಡು, ಬಾಯಲ್ಲಿ ಬ್ರಷ್.

"ಯಾರದು ಬೆಳಿಗ್ಗೆ ಬೆಳಿಗ್ಗೆ ದನಿ ಎತ್ತೋದು? ಏ ಹುಡುಗಿ, ನಿಮ್ಮಜ್ಜಿ ಇರೋ ಲೈನ್ ಮನೆ ಯಾರದು ಗೊತ್ತಾ?"

"ನಲವತ್ತು ವರ್ಷದ ಕೆಲ್ಸ ಯಾರದು ಅಂತ ನಿಮಗೆ ಗೊತ್ತಾ?"

ಅಪ್ಪ ನೊರೆ ಉಗಿದರು. "ಈ ಶನಿವಾರ ಇವಳು ಹಜಾರಕ್ಕೆ ಬರ್ಬೇಕು. ಇಲ್ಲಾಂದ್ರೆ ಸೋಮವಾರ ಲೈನ್ ಮನೆ ಖಾಲಿ ಮಾಡ್ಬೇಕು. ಅಷ್ಟೇ ಮಾತು."

ಹೂವಮ್ಮ ಖಾಲಿ ಲೋಟವನ್ನು ಗೋಡೆಯ ಮೇಲೆ ಬೋರಲು ಹಾಕಿದಳು.

ಆ ದಿನ ಮಧ್ಯಾಹ್ನ ಯಾರಿಗೂ ಊಟ ಸೇರಲಿಲ್ಲ, ಅಪ್ಪನೊಬ್ಬರನ್ನು ಬಿಟ್ಟು. ಅಪ್ಪ ಎರಡನೇ ಸಲ ಅನ್ನ ಬಡಿಸಿಕೊಂಡರು.

"ಪಾಪ ಅನ್ಸಲ್ವಾ ನಿಮಗೆ?" ಎಂದು ನಾನೇ ಕೇಳಿದೆ. "ಆ ಕೊಂಬಲ್ಲಿ ಯಾರ್ಯಾರ್ದೋ ಎಂಜಲು ಕುಡೀತೀರಿ. ಇವಳಿಗೆ ಒಂದು ಸ್ಟೀಲ್ ಲೋಟ ಕೊಡಕ್ಕಾಗಲ್ವಾ?"

"ಅದು ಬೇರೆ, ಇದು ಬೇರೆ."

"ಹೆಂಗೆ ಬೇರೆ?"

"ಅವ್ರು ಗೆಸ್ಟು ಕಣೋ."

"ಶಾಂತ, ಊಟದ ಹೊತ್ತಲ್ಲಿ ಬೇಡ," ಎಂದರು ಅಮ್ಮ. ನನ್ನ ಹೆಸರು ಶಾಂತವೀರಪ್ಪ, ಅಜ್ಜನದ್ದು. ಅಮ್ಮ ಸಾರು ಬಡಿಸುತ್ತಲೇ ಮುಂದುವರಿಸಿದರು. "ಇವತ್ತು ಸ್ಟೀಲ್ ಲೋಟ ಅಂತಾರೆ. ನಾಳೆ ಅಡುಗೆಮನೆ ಅಂತಾರೆ."

"ಅನ್ಲಿ ಅತ್ತೆ," ಎಂದಳು ಅತ್ತಿಗೆ. "ಒಂದು ಕೈ ಜಾಸ್ತಿ ಆಗತ್ತೆ ಅಡುಗೆಮನೇಲಿ."

ಅನ್ನ ಬಿಟ್ಟು ಎದ್ದೆ. "ದೊರೆ ಏಳೋ ಮುಂಚೆ ಏಳ್ತಾನೆ ನೋಡು ಇವ್ನು," ಎಂದು ಅಪ್ಪ ಹಿಂದಿನಿಂದ ಹೇಳಿದರು. ತಮಾಷೆಯಾಗಿ ಹೇಳಿದರೋ ಗಂಭೀರವಾಗಿಯೋ ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಹೇಸಿಗೆಯೇ.

ಶುಕ್ರವಾರ ರಂಜಿತಾ ಪಲ್ಪರ್ ಮನೆಯ ಹತ್ತಿರ ನನ್ನನ್ನು ತಡೆದಳು.

"ಬಾಗಿಲು ಕಾಯೋದು ನೀನೇ ಅಲ್ವಾ? ಆ ಪದ್ಧತಿ ಪುಸ್ತಕ ಕೊಡು."

ಕೊಟ್ಟೆ. ನಿಂತಲ್ಲೇ ಓದಿದಳು. ಒಂಬತ್ತನೆಯದನ್ನು ಓದುವಾಗ ಮೂಗಿನ ಹೊಳ್ಳೆ ಅರಳಿತು. ಆಮೇಲೆ ಪುಟ ಹಿಂದಕ್ಕೆ ತಿರುವಿ ಮೊದಲನೆಯದರ ಮೇಲೆ ಬೆರಳಿಟ್ಟಳು.

"ಬೂದಿ ಮುಟ್ಟಿದವ್ರನ್ನ ಹೊರಗೆ ಹಾಕಂಗಿಲ್ಲ. ಹೌದಾ?"

"ಹೌದು. ಆದ್ರೆ ಬುಕ್ಕಿಂಗ್ ಇರ್ಬೇಕು."

"ಇದೆ. ನಿನ್ನೆನೇ ಮೊಬೈಲಲ್ಲಿ ಮಾಡಿದೆ. ಇಬ್ಬರಿಗೆ."

ಶನಿವಾರ ಒಂದು ಗಂಟೆಗೆ ಒಳಗೆ ನಲವತ್ತು ಜನ ತುಂಬಿದ್ದರು. ಹೊಗೆ, ಬೆವರು, ಸುಟ್ಟ ಕೊಬ್ಬಿನ ವಾಸನೆ. ಅಣ್ಣ ಮತ್ತೆ ಮತ್ತೆ ನನ್ನ ಹತ್ತಿರ ಬಂದು, "ಹೂವಮ್ಮ ಬಂದ್ಲಾ?" ಎಂದು ಕೇಳುತ್ತಿದ್ದ. ತಗಡಿನ ಬಳೆ ಅವನ ಕೈಯಲ್ಲಿತ್ತು.

ಅವರು ಬಂದರು. ರಂಜಿತಾ ಚೂಡಿದಾರದಲ್ಲಿ. ಹೂವಮ್ಮ ಮಗನ ಮದುವೆಗೆ ಉಟ್ಟಿದ್ದ ನೇರಳೆ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಕಾಫಿ ಹೂವಿನ ಒಂದು ಗೊಂಚಲು ಮುಡಿದಿದ್ದಳು. ನಾನು ಬೂದಿಯ ತಟ್ಟೆ ಹಿಡಿದೆ. ಅವಳು ನನ್ನ ಮುಖ ನೋಡಿ, "ಬೇಡ್ವೇನೋ ಸಣ್ಣಯ್ಯ," ಎಂದಳು.

"ಮುಟ್ಟು ಹೂವಮ್ಮ."

ಮುಟ್ಟಿದಳು. ಹಣೆಗೆ ಹಚ್ಚಿಕೊಂಡಳು. ಅಣ್ಣ ಬಾಯಿ ತೆರೆದ. ಆದರೆ ಒಳಗೆ ದೊರೆ ಪುಸ್ತಕದಲ್ಲಿದ್ದ ಹಾಗೆ ಆಗಲೇ ಕೂಗಿಯಾಗಿತ್ತು: "ಬಾಗಿಲಭಟ, ಬಂದವರು ಯಾರು?"

ಭರ್ಜಿಯನ್ನು ನೆಲಕ್ಕೆ ಕುಟ್ಟಿ ಕೂಗಿದೆ. "ಹೂವಮ್ಮ. ಅತಿಥಿ."

ಗೆಸ್ಟ್‌ಗಳಲ್ಲಿ ಹಳಬರು ಕೆಲವರು ಅವಳನ್ನು ಗುರುತಿಸಿದರು. "ಅರೆ, ಆ ಲೋಟದ ಅಜ್ಜಿ!" ಎಂದು ಒಬ್ಬ ಮೊಬೈಲ್ ಎತ್ತಿದ. ಹೊಸ ಕತೆ ಎಂದುಕೊಂಡು ಎಲ್ಲರೂ ಮೇಜು ಗುದ್ದಲು ಶುರು ಮಾಡಿದರು.

ಅಪ್ಪ ಅಣ್ಣನನ್ನು ನೋಡಿದರು. ಅಣ್ಣ ಗೆಸ್ಟ್‌ಗಳನ್ನು ನೋಡಿದ. ಅತ್ತಿಗೆ ಯಾರನ್ನೂ ನೋಡಲಿಲ್ಲ. ಕೊಂಬು ತುಂಬಿಸಿಕೊಂಡು, ನಡೆದು ಬಂದು, ಎರಡೂ ಕೈಯಲ್ಲಿ ಹಿಡಿದು ಹೂವಮ್ಮನ ಕೈಗೆ ಕೊಟ್ಟಳು. ಅತ್ತಿಗೆಯ ಬೆರಳುಗಳು ಹೂವಮ್ಮನ ಬೆರಳಿಗೆ ತಾಗಿದವು.

"ಕುಡೀರಿ ಹೂವಮ್ಮ," ಎಂದಳು.

ಹೂವಮ್ಮ ಬಾಯಿಟ್ಟು ಕುಡಿದಳು. ಅರ್ಧ. ಪುಸ್ತಕದಲ್ಲಿದ್ದಂತೆ ಮೇಜಿನ ಉದ್ದಕ್ಕೂ ನಡೆದು ಹೋಗಿ ಕೊಂಬನ್ನು ಅಪ್ಪನ ಮುಂದೆ ಹಿಡಿದಳು. ಅವಳು ಅಪ್ಪನಿಗೆ ಅಷ್ಟು ಹತ್ತಿರ ಹೋದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಕುಡಿ! ಕುಡಿ! ಕುಡಿ!" ಮೇಜು ಅದುರುತ್ತಿತ್ತು.

ಅಪ್ಪ ಕೊಂಬು ತೆಗೆದುಕೊಂಡರು. ಎತ್ತಿದರು. ಬಾಗಿಸಿದರು. ಕೆಂಪು ಪಾನಕ ಧಾರೆಯಾಗಿ ಗಡ್ಡದ ಮೇಲೆ ಇಳಿದು, ನೈಲಾನ್ ತುಪ್ಪಳದ ಮೇಲೆ ಹರಿದು, ತೊಡೆಯ ಮೇಲೆ ತೊಟ್ಟಿಕ್ಕಿತು. ಖಾಲಿ ಕೊಂಬನ್ನು ಮೇಲೆತ್ತಿ ತೋರಿಸಿದರು. ನಲವತ್ತು ಗಂಟಲು ಒಟ್ಟಿಗೆ ಕೂಗಿದವು: "ಒಂದೇ ಕೊಂಬು, ಒಂದೇ ರಕ್ತ!"

ಹೂವಮ್ಮ ಅಪ್ಪನ ಗಂಟಲನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ.

"ನುಂಗ್ಲಿಲ್ಲ," ಎಂದಳು. ಅಳಲಿಲ್ಲ, ಕೂಗಲಿಲ್ಲ. ಗಿಡದಲ್ಲಿ ಹಣ್ಣು ಇಲ್ಲ ಎಂದು ಮೇಸ್ತ್ರಿಗೆ ಹೇಳುವ ಹಾಗೆ ಹೇಳಿದಳು. "ಸಾವ್ಕಾರ್ರು ನುಂಗ್ಲಿಲ್ಲ. ತುಟಿ ಮುಚ್ಕಂಡೇ ಇದ್ರು."

ಗೆಸ್ಟ್‌ಗಳಿಗೆ ಅದೂ ನಾಟಕ. ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಅವಳು ತಿರುಗಿ ಬಾಗಿಲಿಗೆ ಬಂದು, ತೊಲೆಯ ಮೊಳೆಯಿಂದ ತನ್ನ ಲೋಟ ಬಿಡಿಸಿಕೊಂಡು, ಮೊಮ್ಮಗಳ ಹೆಗಲು ಹಿಡಿದು ಹೊರಗೆ ಹೋದಳು. ಅದಕ್ಕೂ ಚಪ್ಪಾಳೆ ಬಿತ್ತು.

ಊಟ ಮುಗಿದ ಮೇಲೆ ಹಿತ್ತಲ ನಲ್ಲಿಯ ಹತ್ತಿರ ಅಪ್ಪ ಬಾಯಿ ಮುಕ್ಕಳಿಸುತ್ತಿದ್ದರು. ಒಂದು ಸಲ, ಎರಡು ಸಲ, ಆರು ಸಲ. ಬಾಯೊಳಗೆ ಹೋಗದೇ ಇದ್ದದ್ದನ್ನು ಉಗಿಯುತ್ತಿದ್ದರು. ಆಮೇಲೆ ಗಡ್ಡಕ್ಕೆ ಸೋಪು ಹಚ್ಚಿ ತಿಕ್ಕಿದರು. ಇಷ್ಟು ವಾರ ಊರವರ ಎಂಜಲು ಕುಡಿದು ಬಂದು ಕೈಯನ್ನೂ ಸರಿಯಾಗಿ ತೊಳೆಯದವರು. ಅಮ್ಮ ಬಿಸಿನೀರಿನ ಬಕೆಟ್ ತಂದಿಟ್ಟು, "ತಲೆಗೂ ಹುಯ್ಕೊಂಡು ಬನ್ನಿ," ಎಂದರು. ನಾನೂ ಕಣದ ಅಂಚಿಗೆ ಹೋಗಿ, ಆ ಬ್ಯಾಂಕಿನವನು ಮಾಡಿದ ಜಾಗದಲ್ಲೇ ವಾಂತಿ ಮಾಡಿದೆ.

ಸೋಮವಾರ ಹತ್ತು ಗಂಟೆಗೆ ಅಮ್ಮ ಕಾಫಿ ಪಾತ್ರೆ ಹಿಡಿದು ಹಿತ್ತಲಲ್ಲಿ ನಿಂತರು. ಗೋಡೆಯ ಮೇಲೆ ಲೋಟ ಇರಲಿಲ್ಲ. ಲೋಟ ಇದ್ದ ಜಾಗದಲ್ಲಿ ಪಾಚಿ ಕಟ್ಟದ ಒಂದು ದುಂಡು ಗುರುತು.

"ಲೈನ್ ಖಾಲಿ ಮಾಡ್ಸು," ಎಂದು ಅಪ್ಪ ಜಗಲಿಯಿಂದ ಅಣ್ಣನಿಗೆ ಹೇಳಿದರು.

"ಅಯ್ಯೋ ಬೇಡಪ್ಪ!" ಎಂದ ಅಣ್ಣ. ಮೊಬೈಲ್ ತೋರಿಸುತ್ತಿದ್ದ. "ಶನಿವಾರದ್ದು ಎಷ್ಟು ಜನ ನೋಡಿದಾರೆ ನೋಡಿ. ದೊರೆ ಎದುರು ದಾಸಿ ಅತಿಥಿ ಆಗಿ ಬರೋದು. ಇದನ್ನ ಹತ್ತನೇ ಪದ್ಧತಿ ಅಂತ ಸೇರ್ಸೋಣ ಅಂತಿದಾನೆ ಡಿಸೈನರ್. ಶಾಂತ, ನಿನ್ನ ಮಾತು ಕೇಳ್ತಾಳೆ ಅವ್ಳು. ಹೋಗಿ ಹೇಳು, ಪ್ರತೀ ವಾರ ಅದೇ ತರ ಬಂದು ಕುಡಿದು, 'ನುಂಗ್ಲಿಲ್ಲ' ಅಂದ್ರೆ ಸಾಕು. ಕೊರಳ ಬಳೆ ಬೇಡವೇ ಬೇಡ."

"ನಾನು ಪ್ರತೀ ವಾರ ಗಡ್ಡಕ್ಕೆ ಹುಯ್ಕೋಬೇಕಾ?" ಎಂದರು ಅಪ್ಪ. ಬೇಡ ಎನ್ನುವ ದನಿ ಅದಾಗಿರಲಿಲ್ಲ.

ಅಮ್ಮ ನನ್ನ ಹಿಂದೆ ಬಂದು ಒಂದು ಸ್ಟೀಲ್ ಲೋಟವನ್ನು ಸೆರಗಿನಡಿಯಿಂದ ತೆಗೆದು ಕೊಟ್ಟರು. ಒಳಗಿನದ್ದು. ಆದರೆ ಹಳೆಯದು, ತಳ ಸೀಳು ಬಿಟ್ಟದ್ದು. "ಇದನ್ನ ಅವಳಿಗೇ ಅಂತ ಇಟ್ಕೊಳಕ್ಕೆ ಹೇಳು," ಎಂದರು. ನಾನು ಅದನ್ನು ಗೋಡೆಯ ಮೇಲೆ ಇಟ್ಟು ಹೋದೆ.

ಲೈನ್ ಮನೆಯ ಮುಂದೆ ಒಂದು ಪಿಕಪ್ ನಿಂತಿತ್ತು. ಹಾಸಿಗೆ ಸುತ್ತಿ, ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟಿ ಆಗಿತ್ತು. ಕಳಸದ ಕಡೆ ಹೂವಮ್ಮನ ತಮ್ಮನ ಮಗಳು ಇದ್ದಾಳೆ, ಅಲ್ಲಿನ ತೋಟದಲ್ಲಿ ಒಂದು ಕೋಣೆ ಸಿಕ್ಕಿದೆ ಎಂದು ರಂಜಿತಾ ನನ್ನ ಮುಖ ನೋಡದೆ ಹೇಳಿದಳು. ಕಲ್ಲಿನ ಒಲೆಯಲ್ಲಿ ಇನ್ನೂ ಕೆಂಡ ಇತ್ತು. ಹೂವಮ್ಮ ಮೂಲೆಯಲ್ಲಿದ್ದ ಮಣೆ ನನ್ನ ಕಡೆ ತಳ್ಳಿದಳು.

"ಕೂತ್ಕ ಸಣ್ಣಯ್ಯ. ಕಾಫಿ ಕುಡಿದು ಹೋಗು. ಪಾತ್ರೆ ಎಲ್ಲ ಕಟ್ಟಿ ಆಯ್ತು. ಇದೊಂದೇ ಹೊರಗಿರೋದು."

ಅದೇ ಲೋಟ. ಬೆಲ್ಲದ ಕಪ್ಪು ಕಾಫಿ. ಅಂಚಿನ ನೆಗ್ಗು ತುಟಿಗೆ ಚುಚ್ಚುತ್ತಿತ್ತು. ಎಲ್ಲಿ ಬಾಯಿಟ್ಟರೆ ಚುಚ್ಚುವುದಿಲ್ಲ ಎಂದು ಹುಡುಕಬೇಕಾಯಿತು. ಅಣ್ಣ ಹೇಳಿಕಳಿಸಿದ್ದನ್ನು ಹೇಳಲಿಲ್ಲ. ಹೇಳಬೇಕಾದದ್ದು ಬೇರೆ ಇತ್ತು.

"ಹೂವಮ್ಮ, ಆ ಡಿಸೈನರ್‌ಗೆ ಈ ಲೋಟ ತೋರ್ಸಿದ್ದು ನಾನೇ. ಎಲ್ಲಾ ಹೇಳಿದ್ದೂ ನಾನೇ. ಅವ್ನಿಗೆ ನಾಚಿಕೆ ಆಗತ್ತೆ ಅನ್ಕೊಂಡೆ."

ರಂಜಿತಾ ಕಟ್ಟುತ್ತಿದ್ದ ಹಗ್ಗ ಬಿಟ್ಟು ನನ್ನ ಕಡೆ ತಿರುಗಿದಳು. ಹೂವಮ್ಮ ಒಲೆಯ ಕೆಂಡಕ್ಕೆ ನೀರು ಚಿಮುಕಿಸುತ್ತಿದ್ದಳು. ಚುರ್ ಎಂದು ಬೂದಿ ಎದ್ದಿತು.

"ನಾಚ್ಕೆ ಆಗ್ಲಿ ಅಂತ ನನ್ನ ಲೋಟ ತೋರ್ಸಿದ್ಯಾ?"

"ಹೂಂ."

"ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಲೋಟದಲ್ಲಿ ಉಳಿದದ್ದನ್ನು ಕುಡಿದೆ. ಹೊರಗೆ ಪಿಕಪ್‌ನವನು ಹಾರ್ನ್ ಹೊಡೆದ.

"ಕುಡಿದಾಯ್ತಾ?"

"ಆಯ್ತು."

"ತೊಳ್ದು ಬೋರಲು ಹಾಕು."

ನಾನು ಹೊರಗಿನ ನಲ್ಲಿಗೆ ಹೋದೆ. ಲೋಟವನ್ನು ಮೂರು ಸಲ ತೊಳೆದು ನಲ್ಲಿಯ ಕಟ್ಟೆಯ ಮೇಲೆ ಬೋರಲು ಹಾಕಿದೆ. ಹಿಂದೆ ತಿರುಗುವಷ್ಟರಲ್ಲಿ ಅವರು ಹತ್ತಿ ಕೂತಿದ್ದರು. ಪಿಕಪ್ ಎಸ್ಟೇಟ್ ಗೇಟು ದಾಟಿ ಕಳಸದ ರಸ್ತೆಗೆ ತಿರುಗಿತು.

ಲೋಟವನ್ನು ಅವರು ತೆಗೆದುಕೊಂಡು ಹೋಗಲಿಲ್ಲ.